ಶಾಲಾ ಶಿಸ್ತು: ಶಿಕ್ಷಕರ ಗ್ರಹಿಕೆಯೂ ಚರ್ಚೆಗೆ ಬರಲಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಶಿಸ್ತು ಸಡಿಲವಾಗಿದೆ, ಮಕ್ಕಳಿಗೆ ಶಿಕ್ಷಕರೆಂದರೆ ಭಯವೇ ಇಲ್ಲ ಎಂಬ ದೂರು ಓದುಗರ ಪತ್ರಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಪ್ರತಿಯಾಗಿ, ಮಕ್ಕಳನ್ನು ದಂಡಿಸುವುದೇ ತಪ್ಪು ಎಂದು ವಾದಿಸುವ ಪತ್ರಗಳೂ ಬರುತ್ತವೆ. ಎರಡೂ ಕಡೆಯವರು ಶಿಕ್ಷೆ ಎಷ್ಟು ಕಠಿಣವಾಗಿರಬೇಕು ಎಂಬುದನ್ನೇ ಚರ್ಚಿಸುತ್ತಾರೆ. ಒಂದೇ ಶಾಲೆಯಲ್ಲಿ, ಒಂದೇ ನಿಯಮದ ಅಡಿಯಲ್ಲಿ, ಒಂದೇ ಬಗೆಯ ತಪ್ಪು ಮಾಡಿದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಬರಿಯ ಗದರಿಕೆಯೂ ಇನ್ನೊಬ್ಬನಿಗೆ ಅಮಾನತೂ ಏಕೆ ಸಿಗುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಹಲವು ವರ್ಷ ತರಗತಿಯಲ್ಲಿ ಪಾಠ ಮಾಡಿದ, ಶಿಸ್ತಿಲ್ಲದ ಕಡೆ ಕಲಿಕೆ ಇರುವುದಿಲ್ಲ ಎಂದು ಈಗಲೂ ನಂಬುವ ಶಿಕ್ಷಕನಾಗಿ ಈ ಪ್ರಶ್ನೆಯನ್ನು ನಿಮ್ಮ ಓದುಗರ ಮುಂದಿಡುತ್ತಿದ್ದೇನೆ. ಸಾರ್ವಜನಿಕ ಹಣದಿಂದ ನಡೆಯುವ ಶಾಲೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅಲ್ಲಿಗೆ ಬರುವ ಮಗುವಿಗೆ ಬಹುಮಟ್ಟಿಗೆ ಬೇರೆ ಶಾಲೆಯ ಆಯ್ಕೆ ಇರುವುದಿಲ್ಲ.

ಸಿಗರೇಟು ಸೇದಿದ್ದು, ಕಿಟಕಿಯ ಗಾಜು ಒಡೆದದ್ದು, ಅನುಮತಿ ಇಲ್ಲದೆ ಶಾಲೆಯಿಂದ ಹೊರಗೆ ಹೋದದ್ದು ಇಂತಹ ತಪ್ಪುಗಳನ್ನು ಯಾರು ನೋಡಿದರೂ ಒಂದೇ ರೀತಿ ವಿವರಿಸುತ್ತಾರೆ. ಉದ್ಧಟತನ, ಅಗೌರವ, ಮೊಂಡುತನ, ಅತಿಯಾದ ಗದ್ದಲ ಎಂದು ದಾಖಲಾಗುವ ತಪ್ಪುಗಳು ಹಾಗಲ್ಲ. ಇಲ್ಲಿ ಮಗು ಮಾಡಿದ್ದು ಎಷ್ಟು ಮುಖ್ಯವೋ ನೋಡಿದವರಿಗೆ ಅದು ಹೇಗೆ ಕಂಡಿತು ಎಂಬುದೂ ಅಷ್ಟೇ ಮುಖ್ಯ. ತಲೆ ತಗ್ಗಿಸಿ ಸುಮ್ಮನೆ ನಿಂತ ಹುಡುಗ ಒಬ್ಬ ಶಿಕ್ಷಕರಿಗೆ ಪಶ್ಚಾತ್ತಾಪ ಪಡುತ್ತಿರುವವನಂತೆ ಕಂಡರೆ, ಇನ್ನೊಬ್ಬರಿಗೆ ಉತ್ತರ ಕೊಡಲೊಲ್ಲದ ಹಟಮಾರಿಯಂತೆ ಕಾಣಬಹುದು. ಅಮೆರಿಕದ ಸಂಶೋಧಕ ರಸೆಲ್ ಸ್ಕಿಬಾ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಒಂದು ನಗರದ 19 ಮಾಧ್ಯಮಿಕ ಶಾಲೆಗಳ 11,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಶಿಸ್ತು ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನು ಎತ್ತಿ ತೋರಿಸಿತು. ಬಿಳಿಯ ಮಕ್ಕಳನ್ನು ಮುಖ್ಯ ಶಿಕ್ಷಕರ ಕೊಠಡಿಗೆ ಕಳಿಸಿದ ಕಾರಣಗಳಲ್ಲಿ ಧೂಮಪಾನ, ಆಸ್ತಿಗೆ ಹಾನಿ, ಹೇಳದೆ ಹೋಗುವುದು, ಅಶ್ಲೀಲ ಮಾತು ಹೆಚ್ಚಾಗಿದ್ದವು. ಕಪ್ಪು ಮಕ್ಕಳನ್ನು ಕಳಿಸಿದ ಕಾರಣಗಳಲ್ಲಿ ಅಗೌರವ, ಗದ್ದಲ, ಬೆದರಿಸುವಂತಹ ವರ್ತನೆ, ಸುಮ್ಮನೆ ಸುತ್ತಾಡುವುದು ಹೆಚ್ಚಾಗಿದ್ದವು. ಮೊದಲ ಪಟ್ಟಿಯಲ್ಲಿ ಇರುವುದೆಲ್ಲ ಕೃತ್ಯ. ಎರಡನೆಯದರಲ್ಲಿ ಬಹುಪಾಲು ಅನಿಸಿಕೆ.

ನಿಯಮ ಪುಸ್ತಕವೇ ಶಿಕ್ಷೆಯನ್ನು ನಿರ್ಧರಿಸುತ್ತದೆ, ಶಿಕ್ಷಕರು ಅದನ್ನು ಜಾರಿಗೊಳಿಸುತ್ತಾರಷ್ಟೇ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಟೆಕ್ಸಾಸ್ ರಾಜ್ಯದ ಸುಮಾರು 10 ಲಕ್ಷ ವಿದ್ಯಾರ್ಥಿಗಳನ್ನು ಏಳನೆಯ ತರಗತಿಯಿಂದ ಹಲವು ವರ್ಷ ಹಿಂಬಾಲಿಸಿ 2011ರಲ್ಲಿ ಹೊರಬಂದ ವರದಿಯನ್ನು ಓದಿದವರಿಗೆ ಈ ನಂಬಿಕೆ ಉಳಿಯುವುದು ಕಷ್ಟ. ಆ ಮಕ್ಕಳಲ್ಲಿ ಸುಮಾರು ಶೇ 60ರಷ್ಟು ಮಂದಿ ಏಳರಿಂದ ಹನ್ನೆರಡನೆಯ ತರಗತಿಯೊಳಗೆ ಒಮ್ಮೆಯಾದರೂ ಅಮಾನತಾಗಿದ್ದರು ಅಥವಾ ಶಾಲೆಯಿಂದ ಹೊರಹಾಕಲ್ಪಟ್ಟಿದ್ದರು. ಆದರೆ ಕಾನೂನಿನ ಪ್ರಕಾರ ಹೊರಹಾಕಲೇಬೇಕಾದ ತಪ್ಪುಗಳಿಗೆ ಸಂಬಂಧಿಸಿದ ಕ್ರಮಗಳು ಕೇವಲ ಶೇ 3ರಷ್ಟು ಮಾತ್ರ. ಉಳಿದವೆಲ್ಲ ಶಾಲೆಯವರ ವಿವೇಚನೆಗೆ ಬಿಟ್ಟವು. ಕುಟುಂಬದ ಬಡತನ, ಅಂಕಗಳು, ಹಾಜರಾತಿ ಸೇರಿದಂತೆ 80ಕ್ಕೂ ಹೆಚ್ಚು ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರವೂ ಈ ವಿವೇಚನೆಯ ಕ್ರಮಗಳಿಗೆ ಗುರಿಯಾಗುವ ಸಾಧ್ಯತೆ ಕಪ್ಪು ಮಕ್ಕಳಿಗೆ ಬಿಳಿಯ ಮಕ್ಕಳಿಗಿಂತ ಶೇ 31ರಷ್ಟು ಹೆಚ್ಚಿತ್ತು. ವಿವೇಚನೆ ಎಂಬುದು ಶಿಕ್ಷಕ ವೃತ್ತಿಯ ಹೆಮ್ಮೆಯ ಹಕ್ಕು, ಅದನ್ನು ಯಾರೂ ಕಿತ್ತುಕೊಳ್ಳಬಾರದು ಎನ್ನುವವರಲ್ಲಿ ನಾನೂ ಒಬ್ಬ. ಆ ಹಕ್ಕು ಇರುವುದರಿಂದಲೇ ಅದನ್ನು ಹೇಗೆ ಬಳಸಲಾಗುತ್ತಿದೆ ಎಂದು ಕೇಳುವ ಅಧಿಕಾರ ಸಮಾಜಕ್ಕೂ ಇದೆ.

ಇದು ದೊಡ್ಡ ಮಕ್ಕಳ, ಹದಿಹರೆಯದ ಪುಂಡಾಟದ ಸಮಸ್ಯೆ ಎಂದು ಭಾವಿಸುವಂತಿಲ್ಲ. 2013–14ರ ಸಾಲಿನಲ್ಲಿ ಅಮೆರಿಕದ ಸಾರ್ವಜನಿಕ ಶಾಲೆಗಳ ಒಟ್ಟು ವಿದ್ಯಾರ್ಥಿಗಳಲ್ಲಿ ಶೇ 15.5ರಷ್ಟಿದ್ದ ಕಪ್ಪು ಮಕ್ಕಳು ಅಮಾನತಾದವರಲ್ಲಿ ಸುಮಾರು ಶೇ 39ರಷ್ಟಿದ್ದರು ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಅದೇ ಸಾಲಿನ ಅಂಕಿಅಂಶಗಳ ಪ್ರಕಾರ, ಇನ್ನೂ ಅಕ್ಷರವನ್ನೇ ಸರಿಯಾಗಿ ಕಲಿಯದ ಶಾಲಾಪೂರ್ವ ತರಗತಿಗಳಲ್ಲಿಯೂ ಶೇ 19ರಷ್ಟಿದ್ದ ಕಪ್ಪು ಮಕ್ಕಳು ಅಮಾನತಾದವರಲ್ಲಿ ಶೇ 47ರಷ್ಟಿದ್ದರು. ನಾಲ್ಕು ವರ್ಷದ ಮಗುವನ್ನು ಅಮಾನತು ಮಾಡುವ ಶಾಲೆ ಆ ಮಗುವಿಗೆ ಏನು ಕಲಿಸುತ್ತಿದೆ ಎಂಬುದು ನನಗೆ ಈವರೆಗೂ ಅರ್ಥವಾಗಿಲ್ಲ.

ಅಷ್ಟು ಚಿಕ್ಕ ಮಕ್ಕಳ ಮೇಲೆ ಇಂತಹ ಕ್ರಮ ಏಕೆ ಬೀಳುತ್ತದೆ ಎಂಬುದಕ್ಕೆ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಂ ಮತ್ತು ಸಂಗಡಿಗರು 2016ರಲ್ಲಿ ನಡೆಸಿದ ಪ್ರಯೋಗ ಒಂದು ಸುಳಿವು ಕೊಡುತ್ತದೆ. ಶಾಲಾಪೂರ್ವ ಶಿಕ್ಷಣದಲ್ಲಿ ತೊಡಗಿದ 135 ಮಂದಿಗೆ ನಾಲ್ಕು ಮಕ್ಕಳಿರುವ ವಿಡಿಯೊ ತೋರಿಸಿ, ತೊಂದರೆ ಕೊಡುವ ವರ್ತನೆ ಆರಂಭವಾಗುವ ಮುನ್ನವೇ ಅದನ್ನು ಗುರುತಿಸಲು ಹೇಳಲಾಯಿತು. ಅಲ್ಲಿ ಒಬ್ಬ ಕಪ್ಪು ಹುಡುಗ, ಒಬ್ಬ ಕಪ್ಪು ಹುಡುಗಿ, ಒಬ್ಬ ಬಿಳಿ ಹುಡುಗ, ಒಬ್ಬ ಬಿಳಿ ಹುಡುಗಿ ಇದ್ದರು. ವಾಸ್ತವದಲ್ಲಿ ವಿಡಿಯೊದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆದರೂ ತೊಂದರೆಯನ್ನು ಹುಡುಕುತ್ತಿದ್ದ ಆ ಕಣ್ಣುಗಳು ಕಪ್ಪು ಹುಡುಗನ ಮೇಲೆ ಹೆಚ್ಚು ಹೊತ್ತು ನೆಟ್ಟಿದ್ದವು ಎಂಬುದು ನೋಟದ ಚಲನೆಯನ್ನು ಅಳೆಯುವ ಯಂತ್ರದಲ್ಲಿ ದಾಖಲಾಯಿತು. ಇದರ ಪರಿಣಾಮ ಏನೆಂಬುದನ್ನು ತರಗತಿಯಲ್ಲಿ ನಿಂತವರು ಸುಲಭವಾಗಿ ಊಹಿಸಬಲ್ಲರು. ಒಂದು ತರಗತಿಯ ಎಲ್ಲ ಮಕ್ಕಳೂ ಪಿಸುಗುಟ್ಟುತ್ತಾರೆ, ಪಕ್ಕದವರನ್ನು ಚಿವುಟುತ್ತಾರೆ, ಕಿಟಕಿಯ ಹೊರಗೆ ನೋಡುತ್ತಾರೆ. ಕಣ್ಣು ಯಾರ ಮೇಲಿದೆಯೋ ಅವರ ಪಿಸುಮಾತು ಮಾತ್ರ ಸಿಕ್ಕಿಬೀಳುತ್ತದೆ. ಹೀಗೆ ಸಿಕ್ಕಿಬಿದ್ದವನ ಹೆಸರು ದಾಖಲೆಯಲ್ಲಿ ಹೆಚ್ಚು ಬಾರಿ ಬರುತ್ತದೆ, ಆ ದಾಖಲೆಯನ್ನು ನೋಡಿದ ಮುಂದಿನ ಶಿಕ್ಷಕರು ಅವನ ಮೇಲೆ ಇನ್ನೂ ಹೆಚ್ಚು ಕಣ್ಣಿಡುತ್ತಾರೆ.

ಸಿಬ್ಬಂದಿ ಕೊಠಡಿಯಲ್ಲಿ ಕೇಳಿಬರುವ ಮಾತುಗಳನ್ನು ಇಲ್ಲಿ ನೆನೆಯದಿರಲು ಆಗುವುದಿಲ್ಲ. "ಆ ಹುಡುಗನ ಬಗ್ಗೆ ಸ್ವಲ್ಪ ಎಚ್ಚರ", "ಅವನ ಅಣ್ಣನೂ ಹೀಗೆಯೇ ಇದ್ದ", "ಆ ಕಡೆಯಿಂದ ಬರುವ ಮಕ್ಕಳೇ ಹಾಗೆ" ಎಂಬ ಮಾತುಗಳನ್ನು ಆಡುವವರಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಹೊಸದಾಗಿ ಬಂದ ಶಿಕ್ಷಕರಿಗೆ ಸಹಾಯವಾಗಲಿ ಎಂದೇ ಹಿರಿಯರು ಇದನ್ನು ಹೇಳುತ್ತಾರೆ. ಆದರೆ ಮಗು ತರಗತಿಯೊಳಗೆ ಕಾಲಿಡುವ ಮುನ್ನವೇ ಅದರ ಸ್ವಭಾವದ ಬಗ್ಗೆ ತೀರ್ಮಾನವೊಂದು ಶಿಕ್ಷಕರ ಮನಸ್ಸಿನಲ್ಲಿ ಕುಳಿತುಬಿಟ್ಟಿರುತ್ತದೆ. ಆನಂತರ ಅದು ಮಾಡುವ ಸಣ್ಣ ತಪ್ಪು ಕೂಡ ಆ ತೀರ್ಮಾನಕ್ಕೆ ಸಾಕ್ಷಿಯಾಗಿಯೇ ಒದಗುತ್ತದೆ.

ಜೇಸನ್ ಒಕೊನೊಫುವಾ ಮತ್ತು ಜೆನಿಫರ್ ಎಬರ್‌ಹಾರ್ಟ್ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಬೇರೊಂದು ಬದಿಯಿಂದ ತೋರಿಸಿದವು. ವೃತ್ತಿನಿರತ ಶಿಕ್ಷಕರಿಗೆ ಒಬ್ಬ ವಿದ್ಯಾರ್ಥಿಯ ಎರಡು ಸಣ್ಣ ತಪ್ಪುಗಳ ವಿವರವನ್ನು ಒಂದಾದ ಮೇಲೆ ಒಂದರಂತೆ ಕೊಡಲಾಯಿತು. ವಿವರ ಎಲ್ಲರಿಗೂ ಒಂದೇ. ಕೆಲವರಿಗೆ ಕೊಟ್ಟ ಹಾಳೆಯಲ್ಲಿ ಹುಡುಗನ ಹೆಸರು ಬಿಳಿಯರಲ್ಲಿ ಸಾಮಾನ್ಯವಾದದ್ದು, ಇನ್ನು ಕೆಲವರ ಹಾಳೆಯಲ್ಲಿ ಕಪ್ಪು ಜನರಲ್ಲಿ ಸಾಮಾನ್ಯವಾದದ್ದು. ಮೊದಲ ತಪ್ಪಿಗೆ ಎರಡೂ ಗುಂಪಿನ ಶಿಕ್ಷಕರ ಪ್ರತಿಕ್ರಿಯೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. ಎರಡನೆಯ ತಪ್ಪಿನ ಹೊತ್ತಿಗೆ, ಕಪ್ಪು ಹುಡುಗನೆಂದು ಭಾವಿಸಿದವರು ಹೆಚ್ಚು ಕಳವಳಗೊಂಡರು, ಹೆಚ್ಚು ಕಠಿಣ ಶಿಕ್ಷೆ ಬೇಕೆಂದರು, ಈ ಎರಡು ತಪ್ಪುಗಳಲ್ಲಿ ಅವನ ನಡತೆಯ ಒಂದು ಮಾದರಿಯನ್ನೇ ಕಂಡರು. ಪೂರ್ವಗ್ರಹವೆಂದರೆ ಒಂದು ಗುಂಪಿನ ಮಕ್ಕಳನ್ನು ಮೊದಲ ನೋಟದಲ್ಲಿಯೇ ದ್ವೇಷಿಸುವುದು ಎಂದು ನಾವು ತಿಳಿದಿರುವುದರಿಂದ, ಅಂತಹ ದ್ವೇಷ ತಮ್ಮಲ್ಲಿ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಬಲ್ಲ ಶಿಕ್ಷಕರೆಲ್ಲರೂ ನಿರಾಳರಾಗುತ್ತಾರೆ. ಈ ಪ್ರಯೋಗ ತೋರಿಸಿದ ಪೂರ್ವಗ್ರಹ ಅಂತಹದ್ದಲ್ಲ. ಒಬ್ಬನ ಎರಡನೆಯ ತಪ್ಪು "ಇವತ್ತು ಯಾಕೋ ಸರಿಯಿಲ್ಲ" ಎಂಬ ಮಾತಿನಲ್ಲಿ ಮುಗಿಯುತ್ತದೆ, ಇನ್ನೊಬ್ಬನ ಎರಡನೆಯ ತಪ್ಪು "ಇವನ ಬುದ್ಧಿಯೇ ಇಷ್ಟು" ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ತಪ್ಪನ್ನು ಸಂದರ್ಭಕ್ಕೆ ಸೇರಿಸಬೇಕೋ ಸ್ವಭಾವಕ್ಕೆ ಸೇರಿಸಬೇಕೋ ಎಂಬ ಆ ಕ್ಷಣದ ತೀರ್ಮಾನದಲ್ಲಿಯೇ ಅಸಮಾನತೆ ಹುಟ್ಟುತ್ತದೆ.

ಅಂಗವೈಕಲ್ಯ ಅಥವಾ ಕಲಿಕೆಯ ತೊಡಕು ಇರುವ ಮಕ್ಕಳ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಒಂದೆಡೆ ಕುಳಿತಿರಲಾಗದ, ಹೇಳಿದ್ದನ್ನು ನೆನಪಿಟ್ಟುಕೊಳ್ಳಲಾಗದ ಮಗು "ಬೇಕೆಂದೇ ಮಾಡುತ್ತಿದೆ" ಎಂದು ಅನಿಸಿದರೆ ಅದಕ್ಕೆ ಸಿಗುವುದು ಶಿಕ್ಷೆ. "ಅದಕ್ಕೆ ಆಗುತ್ತಿಲ್ಲ" ಎಂದು ಅನಿಸಿದರೆ ಸಿಗುವುದು ನೆರವು. ನಾನು ಮೇಲೆ ಹೇಳಿದ 2018ರ ವರದಿಯಲ್ಲಿ, ಒಟ್ಟು ವಿದ್ಯಾರ್ಥಿಗಳಲ್ಲಿ ಸುಮಾರು ಶೇ 12ರಷ್ಟಿದ್ದ ಅಂಗವಿಕಲ ಮಕ್ಕಳು ಅಮಾನತಾದವರಲ್ಲಿ ಹೆಚ್ಚುಕಡಿಮೆ ಕಾಲು ಭಾಗದಷ್ಟಿದ್ದರು.

ಕಠಿಣ ಶಿಕ್ಷೆಯೊಂದೇ ಅನ್ಯಾಯವಲ್ಲ, ಅನಾದರದ ಸಡಿಲತೆಯೂ ಅನ್ಯಾಯವೇ. ಈ ಮಾತನ್ನು ಮಕ್ಕಳ ಪರವಾಗಿ ದನಿಯೆತ್ತುವವರು ಕೂಡ ಅಷ್ಟಾಗಿ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಒತ್ತಿ ಹೇಳಬೇಕೆನಿಸುತ್ತದೆ. ಮನೆಗೆಲಸ ಮಾಡದ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ಬಿಡದೆ ಕೇಳಿ, ಮರುದಿನ ತರಿಸಿಕೊಳ್ಳುವ ಶಿಕ್ಷಕರು, ಹಿಂದಿನ ಬೆಂಚಿನ ಇನ್ನೊಬ್ಬ ಮಾಡದಿದ್ದಾಗ "ಅವನಿಂದ ಇಷ್ಟೇ" ಎಂದು ಕೈಬಿಟ್ಟರೆ, ಆ ಎರಡನೆಯವನು ಬೈಗುಳದಿಂದ ಪಾರಾದನೆಂದು ನಾವು ಸಂತೋಷಪಡಬೇಕಾಗಿಲ್ಲ. ತನ್ನಿಂದ ಯಾರೂ ಏನನ್ನೂ ನಿರೀಕ್ಷಿಸುತ್ತಿಲ್ಲ ಎಂಬುದು ಅವನಿಗೆ ಬೇಗ ತಿಳಿದುಹೋಗುತ್ತದೆ. ನಿರೀಕ್ಷೆಯ ಬಲವನ್ನು ಕುರಿತು ರಾಬರ್ಟ್ ರೊಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಒಂದು ಪ್ರಾಥಮಿಕ ಶಾಲೆಯಲ್ಲಿ ಚೀಟಿ ಎತ್ತಿದಂತೆ ಆರಿಸಿದ ಶೇ 20ರಷ್ಟು ಮಕ್ಕಳ ಬಗ್ಗೆ, ಇವರು ಈ ವರ್ಷ ಚೆನ್ನಾಗಿ ಬೆಳೆಯುವವರು ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ವರ್ಷದ ಕೊನೆಗೆ, ಮುಖ್ಯವಾಗಿ ಒಂದು ಮತ್ತು ಎರಡನೆಯ ತರಗತಿಗಳಲ್ಲಿ, ಆ ಮಕ್ಕಳು ಉಳಿದವರಿಗಿಂತ ಹೆಚ್ಚು ಮುಂದೆ ಬಂದಿದ್ದರು. ಆ ಪ್ರಯೋಗದ ವಿಧಾನದ ಬಗ್ಗೆ ಆನಂತರ ತೀವ್ರ ಟೀಕೆಗಳು ಬಂದವು. ಸಾಮಾನ್ಯ ಸಂದರ್ಭಗಳಲ್ಲಿ ಇಂತಹ ಪರಿಣಾಮ ಚಿಕ್ಕದು, ಮೊದಲೇ ಕೀಳಾಗಿ ಕಾಣಲ್ಪಡುವ ಗುಂಪುಗಳ ಮಕ್ಕಳಲ್ಲಿ ಅದು ಹೆಚ್ಚು ಇರಬಹುದು ಎಂಬುದು ನಂತರದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರ ಅಭಿಪ್ರಾಯ. ನಮ್ಮ ಚರ್ಚೆಗೆ ಬೇಕಾದದ್ದು ಆ ಕೊನೆಯ ಮಾತು.

ಬೇರೆ ಸಮುದಾಯದ ಶಿಕ್ಷಕರು ಮಾತ್ರ ಹೀಗೆ ನೋಡುತ್ತಾರೆ, ಆಯಾ ಸಮುದಾಯದವರನ್ನೇ ನೇಮಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಶಿಕ್ಷಕ ವರ್ಗದಲ್ಲಿ ಎಲ್ಲ ಸಮುದಾಯಗಳ ಪ್ರಾತಿನಿಧ್ಯ ಇರಬೇಕಾದದ್ದು ನ್ಯಾಯ. ತಮ್ಮದೇ ಜನಾಂಗದ ಶಿಕ್ಷಕರು ಸಿಕ್ಕಾಗ ಕಪ್ಪು ಮಕ್ಕಳ ಅಮಾನತು ಕಡಿಮೆಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವೂ ಇದೆ. ಆದರೆ ರೀಮಾ ಹನ್ನಾ ಮತ್ತು ಲೀ ಲಿಂಡನ್ ಭಾರತದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದ ಫಲಿತಾಂಶ ನಮ್ಮನ್ನು ಎಚ್ಚರಿಸುತ್ತದೆ. ಮಕ್ಕಳ ಉತ್ತರ ಪತ್ರಿಕೆಗಳ ಮುಖಪುಟದಲ್ಲಿ ವಯಸ್ಸು, ಲಿಂಗ, ಜಾತಿಗಳನ್ನು ಮನಬಂದಂತೆ ಬದಲಿಸಿ ಶಿಕ್ಷಕರಿಗೆ ಮೌಲ್ಯಮಾಪನಕ್ಕೆ ಕೊಟ್ಟಾಗ, ಕೆಳಜಾತಿಯದೆಂದು ನಮೂದಾದ ಪತ್ರಿಕೆಗೆ ಅದೇ ಗುಣಮಟ್ಟದ ಬೇರೆ ಪತ್ರಿಕೆಗಿಂತ ಕಡಿಮೆ ಅಂಕ ಬಂತು. ವ್ಯತ್ಯಾಸ ದೊಡ್ಡದಲ್ಲ, ಆದರೆ ಅದು ಮುಖ್ಯವಾಗಿ ಕಂಡುಬಂದದ್ದು ಕೆಳಜಾತಿಗಳಿಗೇ ಸೇರಿದ ಶಿಕ್ಷಕರ ಮೌಲ್ಯಮಾಪನದಲ್ಲಿ. ಸಮಾಜ ಒಂದು ಗುಂಪಿನ ಬಗ್ಗೆ ತಲೆತಲಾಂತರದಿಂದ ಹೇಳಿಕೊಂಡು ಬಂದದ್ದು ಆ ಗುಂಪಿನವರ ಮನಸ್ಸಿನಲ್ಲೂ ಬೇರೂರಿರುತ್ತದೆ. ಆದ್ದರಿಂದ ಇದನ್ನು ಯಾವುದೋ ಒಂದು ವರ್ಗದ ಶಿಕ್ಷಕರ ಮೇಲಿನ ಆರೋಪವೆಂದು ಯಾರೂ ಭಾವಿಸಬಾರದು.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಕಷ್ಟದ ಮನೆಗಳಿಂದ ಬರುವ ಮಕ್ಕಳು ನಿಜವಾಗಿಯೂ ಹೆಚ್ಚು ಜಗಳವಾಡುತ್ತಾರೆ, ಶಿಕ್ಷಕರು ಕಂಡದ್ದನ್ನೇ ಬರೆಯುತ್ತಾರೆ, ಇದರಲ್ಲಿ ಪೂರ್ವಗ್ರಹವನ್ನು ಹುಡುಕುವುದು ಶಿಕ್ಷಕರ ಕೈ ಕಟ್ಟಿಹಾಕಿದಂತೆ ಎನ್ನುತ್ತಾರೆ. ಅಂತರದ ಒಂದು ಭಾಗಕ್ಕೆ ನಡತೆಯ ವ್ಯತ್ಯಾಸವೇ ಕಾರಣವಿರಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟು ಭಾಗ ಎಂಬುದರ ಬಗ್ಗೆ ಸಂಶೋಧಕರಲ್ಲೇ ವಾದವಿದೆ. ಆದರೆ ಒಂದೇ ಹಾಳೆ, ಒಂದೇ ವಿವರ, ಹೆಸರು ಮಾತ್ರ ಬೇರೆ ಎಂಬಂತಹ ಪ್ರಯೋಗಗಳಲ್ಲಿ ಮಗುವಿನ ನಡತೆಯಲ್ಲಿ ವ್ಯತ್ಯಾಸವಿರಲು ಸಾಧ್ಯವೇ ಇಲ್ಲ. ಅಲ್ಲಿ ಕಂಡ ಅಂತರಕ್ಕೆ ನೋಡುವವರನ್ನು ಬಿಟ್ಟು ಬೇರೆ ಕಾರಣ ಹುಡುಕಲಾಗುವುದಿಲ್ಲ. ಕಠಿಣ ಕ್ರಮದಿಂದ ಉಳಿದ ಮಕ್ಕಳಿಗಾದರೂ ಒಳ್ಳೆಯದಾಗುತ್ತದೆ ಎಂಬ ಮಾತನ್ನೂ ಪರೀಕ್ಷಿಸಬೇಕು. ಶಾಲೆಗೆ ಬಂದೂಕು ತಂದವರನ್ನು ಒಂದು ವರ್ಷ ಹೊರಗಿಡಬೇಕೆಂಬ 1994ರ ಕಾನೂನಿನ ನಂತರ ಅಮೆರಿಕದಲ್ಲಿ ಹರಡಿದ, ಸಣ್ಣ ತಪ್ಪಿಗೂ ರಿಯಾಯಿತಿ ಕೊಡದ ನೀತಿ ಶಾಲೆಗಳನ್ನು ಹೆಚ್ಚು ಸುರಕ್ಷಿತಗೊಳಿಸಿದ್ದಕ್ಕೆ ಪುರಾವೆ ಇಲ್ಲವೆಂದು ಅಲ್ಲಿನ ಮನೋವಿಜ್ಞಾನಿಗಳ ಸಂಘ ನೇಮಿಸಿದ ಕಾರ್ಯಪಡೆಯೇ ಹೇಳಿದೆ.

ಶಿಕ್ಷಕರ ಪರಿಸ್ಥಿತಿಯನ್ನು ಮರೆತು ಈ ವಿಷಯ ಮಾತನಾಡುವುದು ಅನ್ಯಾಯ. ತುಂಬಿದ ತರಗತಿ, ಮುಗಿಯದ ಪಠ್ಯ, ಬೋಧನೆಗೆ ಸಂಬಂಧವಿಲ್ಲದ ಹತ್ತಾರು ಕೆಲಸಗಳು, ಮೇಲಧಿಕಾರಿಗಳ ಒತ್ತಡ ಇವೆಲ್ಲದರ ನಡುವೆ ಗದ್ದಲವೆದ್ದಾಗ ಶಿಕ್ಷಕರಿಗೆ ಯೋಚಿಸಲು ಸಿಗುವುದು ಕ್ಷಣಮಾತ್ರ. ದಣಿದ ಮನಸ್ಸು ಅವಸರದಲ್ಲಿ ನಿರ್ಧರಿಸಬೇಕಾದಾಗ ಎದುರಿಗಿರುವ ಮಗುವನ್ನು ನೋಡುವುದಕ್ಕಿಂತ, ಆ ಬಗೆಯ ಮಕ್ಕಳ ಬಗ್ಗೆ ತನಗೆ ಮೊದಲೇ ಇರುವ ಚಿತ್ರವನ್ನು ಬಳಸಿಕೊಳ್ಳುತ್ತದೆ. ಕೆಂಟ್ ಮೆಕಿಂಟಾಶ್ ಅವರಂತಹ ಸಂಶೋಧಕರು ಇಂತಹ ಕ್ಷಣಗಳನ್ನು ಮೊದಲೇ ಗುರುತಿಸಿಕೊಂಡು, ಆಗ ಏನು ಮಾಡಬೇಕೆಂದು ಶಿಕ್ಷಕರು ತಾವೇ ಒಂದು ರೂಢಿ ಮಾಡಿಕೊಳ್ಳಬೇಕೆಂದು ಸಲಹೆ ಕೊಡುತ್ತಾರೆ. ಸಿಟ್ಟು ಬಂದಾಗ ಶಿಕ್ಷೆಯನ್ನು ಘೋಷಿಸದೆ "ಪಾಠ ಮುಗಿದ ಮೇಲೆ ಮಾತನಾಡೋಣ" ಎಂದಷ್ಟೇ ಹೇಳಿ ಮುಂದುವರಿಯುವುದು ಅಂತಹ ಒಂದು ರೂಢಿ. ಕೇಳಲು ಅತಿ ಸರಳ, ಆದರೆ ಅರ್ಧ ಗಂಟೆಯ ಅಂತರದಲ್ಲಿ ಅದೇ ತಪ್ಪು ಬೇರೆಯೇ ಗಾತ್ರದಲ್ಲಿ ಕಾಣುತ್ತದೆ ಎಂಬುದನ್ನು ಪಾಠ ಮಾಡಿದವರೆಲ್ಲ ಬಲ್ಲರು.

ಗ್ರಹಿಕೆಯನ್ನು ಬದಲಿಸುವುದು ಅಸಾಧ್ಯವೆಂದು ಕೈಚೆಲ್ಲಬೇಕಾಗಿಲ್ಲ. ಒಕೊನೊಫುವಾ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಐದು ಮಾಧ್ಯಮಿಕ ಶಾಲೆಗಳ 31 ಗಣಿತ ಶಿಕ್ಷಕರು ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪು ಮಕ್ಕಳು ತಪ್ಪಾಗಿ ನಡೆದುಕೊಳ್ಳಲು ಇರಬಹುದಾದ ಕಾರಣಗಳ ಬಗ್ಗೆ, ಶಿಸ್ತನ್ನು ಕಾಪಾಡುತ್ತಲೇ ಮಗುವಿನೊಂದಿಗಿನ ಸಂಬಂಧವನ್ನು ಉಳಿಸಿಕೊಳ್ಳುವ ಬಗ್ಗೆ ಕಂಪ್ಯೂಟರಿನಲ್ಲಿ ಓದಿ, ತಮ್ಮ ಅನುಭವವನ್ನು ತಾವೇ ಬರೆದರು. ಎರಡು ಕಂತುಗಳಲ್ಲಿ ಇದಕ್ಕೆ ಹಿಡಿದದ್ದು ಒಂದು ಗಂಟೆಗಿಂತ ತುಸು ಹೆಚ್ಚು ಸಮಯ. ಆ ವರ್ಷ, ಬೇರೆ ವಿಷಯದ ಬಗ್ಗೆ ಓದಿದ ಶಿಕ್ಷಕರ ವಿದ್ಯಾರ್ಥಿಗಳಲ್ಲಿ ಶೇ 9.6ರಷ್ಟು ಮಂದಿ ಅಮಾನತಾದರೆ, ಈ ಶಿಕ್ಷಕರ ವಿದ್ಯಾರ್ಥಿಗಳಲ್ಲಿ ಆ ಪ್ರಮಾಣ ಶೇ 4.8. ಶಿಕ್ಷಕರನ್ನು ಪೂರ್ವಗ್ರಹಪೀಡಿತರೆಂದು ಅಲ್ಲಿ ಯಾರೂ ಜರೆಯಲಿಲ್ಲ. ಅವರು ಈ ವೃತ್ತಿಗೆ ಯಾವ ಕಾರಣಕ್ಕೆ ಬಂದರೋ ಅದನ್ನೇ ಅವರಿಗೆ ನೆನಪಿಸಲಾಯಿತು. ಒಂದು ಅಧ್ಯಯನವನ್ನೇ ನೆಚ್ಚಿ ಎಲ್ಲೆಡೆ ಇಂತಹದ್ದೇ ಫಲ ಸಿಗುತ್ತದೆ ಎನ್ನಲಾಗದಿದ್ದರೂ, ದಿನಗಟ್ಟಲೆ ನಡೆಯುವ ನೀರಸ ತರಬೇತಿಗಳಿಗಿಂತ ಇದು ಹೆಚ್ಚು ಭರವಸೆ ಕೊಡುತ್ತದೆ.

ನಿಯಮದ ಕಡೆಯಿಂದಲೂ ಕೆಲಸವಾಗಬೇಕು. ಬೇಕೆಂದೇ ಅವಿಧೇಯತೆ ತೋರಿದ ಎಂಬ ಅಸ್ಪಷ್ಟ ಕಾರಣಕ್ಕೆ ಮಕ್ಕಳನ್ನು ಅಮಾನತು ಮಾಡುವುದನ್ನು ಲಾಸ್ ಏಂಜಲೀಸ್ ನಗರದ ಸಾರ್ವಜನಿಕ ಶಾಲೆಗಳ ಮಂಡಳಿ 2013ರಲ್ಲಿ ನಿಲ್ಲಿಸಿತು. ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ಮೊದಲು ಮೂರನೆಯ ತರಗತಿಯವರೆಗಿನ ಮಕ್ಕಳಿಗೆ, ನಂತರ 2019 ಮತ್ತು 2023ರ ಕಾನೂನುಗಳ ಮೂಲಕ ಮೇಲಿನ ತರಗತಿಗಳಿಗೂ ಇದೇ ನಿರ್ಬಂಧವನ್ನು ವಿಸ್ತರಿಸಿತು. ಇಷ್ಟೇ ಸಾಕೆಂದು ನಾನು ಹೇಳುವುದಿಲ್ಲ. ಪಿಟ್ಸ್‌ಬರ್ಗ್ ನಗರದ ಶಾಲೆಗಳಲ್ಲಿ ಶಿಕ್ಷೆಯ ಬದಲು ಸಂವಾದದ ಮೂಲಕ ಸಂಬಂಧಗಳನ್ನು ಸರಿಪಡಿಸುವ ವಿಧಾನವನ್ನು ಪರೀಕ್ಷಿಸಿದ 2018ರ ವರದಿಯ ಪ್ರಕಾರ, ಅಮಾನತುಗಳೂ ಅವುಗಳಲ್ಲಿನ ಜನಾಂಗೀಯ ಅಂತರವೂ ಕಡಿಮೆಯಾದವು, ಆದರೆ ಆರರಿಂದ ಎಂಟನೆಯ ತರಗತಿಯ ಮಕ್ಕಳ ಕಲಿಕೆ ಹಿನ್ನಡೆ ಕಂಡಿತು. ಶಿಕ್ಷಕರಿಗೆ ಸಮಯ, ಸಿಬ್ಬಂದಿ, ಆಪ್ತಸಮಾಲೋಚಕರ ನೆರವು ಯಾವುದನ್ನೂ ಕೊಡದೆ ಒಂದು ಶಿಕ್ಷೆಯನ್ನು ಮಾತ್ರ ಕಿತ್ತುಕೊಂಡರೆ ಆ ತರಗತಿಯ ಉಳಿದ ಮಕ್ಕಳು ಬೆಲೆ ತೆರಬೇಕಾದೀತು ಎಂಬ ಶಿಕ್ಷಕರ ಆತಂಕದಲ್ಲಿ ಹುರುಳಿದೆ.

ಮಗುವಿನ ಘನತೆಗೆ ಒಪ್ಪುವ ರೀತಿಯಲ್ಲಿಯೇ ಶಾಲಾ ಶಿಸ್ತು ಇರಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ ಹೇಳುತ್ತದೆ. ಆ ಘನತೆ ಎಲ್ಲ ಮಕ್ಕಳಿಗೂ ಸಮನಾಗಿ ಸಿಗುತ್ತಿದೆಯೇ ಎಂದು ತಿಳಿಯಲು ಶಿಕ್ಷಣ ಇಲಾಖೆಗಳು ಮಾಡಬೇಕಾದ ಕೆಲಸಗಳು ದುಬಾರಿಯವಲ್ಲ. ಪ್ರತಿ ಶಾಲೆಯ ಶಿಸ್ತು ದಾಖಲೆಯಲ್ಲಿ ಮಗು ಹೇಳಿದ್ದನ್ನು, ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುವ ಕ್ರಮ ಬರಲಿ. "ಅಗೌರವ ತೋರಿದ" ಎಂಬ ಒಂದೇ ಮಾತಿನ ಆಧಾರದ ಮೇಲೆ ಯಾವ ಮಗುವೂ ತರಗತಿಯಿಂದ ಹೊರಗೆ ಹೋಗುವಂತಾಗಬಾರದು. ಮಗುವನ್ನು ಶಾಲೆಯಿಂದ ಹೊರಗಿಡುವ ತೀರ್ಮಾನವನ್ನು ದೂರು ಕೊಟ್ಟ ಶಿಕ್ಷಕರೊಬ್ಬರೇ ತೆಗೆದುಕೊಳ್ಳದೆ, ಆ ಮಗುವನ್ನು ಬಲ್ಲ ಇನ್ನೊಬ್ಬ ಶಿಕ್ಷಕರ ಅಭಿಪ್ರಾಯವನ್ನೂ ಮಗುವಿನ ಮಾತನ್ನೂ ಕೇಳಿದ ನಂತರವೇ ಮುಖ್ಯ ಶಿಕ್ಷಕರು ತೆಗೆದುಕೊಳ್ಳಲಿ. ವರ್ಷಕ್ಕೆ ಎರಡು ಬಾರಿಯಾದರೂ ಸಿಬ್ಬಂದಿ ಸಭೆಯಲ್ಲಿ ಆ ದಾಖಲೆಯನ್ನು ತೆರೆದು, ಯಾವ ಮಕ್ಕಳ ಹೆಸರು ಮತ್ತೆ ಮತ್ತೆ ಬರುತ್ತಿದೆ, ಯಾವ ಕಾರಣಕ್ಕೆ, ದಿನದ ಯಾವ ಹೊತ್ತಿನಲ್ಲಿ ಎಂಬುದನ್ನು ಯಾರನ್ನೂ ದೂಷಿಸದೆ ನೋಡಲಿ. ಮಕ್ಕಳ ಗುರುತು ಹೊರಗೆ ಬಾರದಂತೆ ಎಚ್ಚರ ವಹಿಸಿ, ಲಿಂಗ, ಸಾಮಾಜಿಕ ಹಿನ್ನೆಲೆ, ಅಂಗವೈಕಲ್ಯಗಳ ಪ್ರಕಾರ ವಿಂಗಡಿಸಿದ ಒಟ್ಟು ಅಂಕಿಅಂಶಗಳನ್ನು ಇಲಾಖೆ ಪ್ರತಿವರ್ಷ ಪ್ರಕಟಿಸಲಿ. ಹೊಸ ಶಿಕ್ಷಕರ ತರಬೇತಿಯಲ್ಲಿ ತರಗತಿ ನಿರ್ವಹಣೆಯ ಪಾಠದ ಜೊತೆಗೆ, ಮಗುವಿನ ಎರಡನೆಯ ತಪ್ಪನ್ನು ತಾವು ಹೇಗೆ ಓದುತ್ತೇವೆ ಎಂಬುದನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸಗಳೂ ಇರಲಿ. ಈ ಬಗ್ಗೆ ವೃತ್ತಿಯಲ್ಲಿರುವ ಶಿಕ್ಷಕರೂ ಪೋಷಕರೂ ತಮ್ಮ ಅನುಭವಗಳನ್ನು ನಿಮ್ಮ ಪತ್ರಿಕೆಗೆ ಬರೆಯಬೇಕೆಂದು, ಇಲಾಖೆಯ ಅಧಿಕಾರಿಗಳು ಅವುಗಳಿಗೆ ಉತ್ತರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ